ಹೊರಗಿನ ಗಾಳಿ

ಪ್ರಯೋಗಾಲಯದಲ್ಲಿ ಲೋಹದ ಪುಡಿ ಉಸಿರಾಡಿ ಸತ್ತ ಇಲಿಗಳನ್ನು ಕುಮುದ ಕೊಯ್ದು ನೋಡಿದಳು. ಶ್ವಾಸಕೋಶಗಳು ಇದ್ದಿಲಿನಂತೆ ಕಪ್ಪಾಗಿದ್ದವು. ಪುಡಿ ವಿಷವೆಂದು ಸಾಬೀತಾದರೆ ಅದನ್ನು ಅರೆಯುವ ಊರಂಚಿನ ಕಾರ್ಖಾನೆ ಮುಚ್ಚುತ್ತದೆ, ಅಪ್ಪನನ್ನು ತಿಂದ ಕೆಮ್ಮು ತಮ್ಮನಿಗಾದರೂ ಬಾರದು ಎಂಬುದೊಂದೇ ಅವಳ ಆಸೆ.

"ಸರ್, ಎಲ್ಲಾ ಇಲಿದೂ ಹಿಂಗಽ ಐತ್ರಿ!" ಎಂದು ಪ್ರಯೋಗದ ಮುಖ್ಯಸ್ಥರನ್ನು ಕರೆದಳು.

"ಓಹೋ, ನಮ್ಮ ಮೌನಗೌರಿಗೆ ಬಾಯಿ ಬಂತು! ತಡಿಯವ್ವ, ಪುಡಿ ಕೊಡದ ಬರೀ ಹೊರಗಿನ ಗಾಳಿ ಬಿಟ್ಟಿದ್ದ ಇಲಿಗೋಳ್ನೂ ಕೊಯ್ದು ನೋಡು. ಹೋಲಿಸಬೇಕಲ್ಲ?"

ಕೊಯ್ದಳು. ಅವೂ ಅಷ್ಟೇ ಕಪ್ಪಗಿದ್ದವು.

"ಸರ್..." ಅವಳು ತೆರೆದ ಕಿಟಕಿಯತ್ತ ತಿರುಗಿದಳು. "ಊರ ಗಾಳಿಯಾಗಽ ಆ ಪುಡಿ ತುಂಬೈತ್ರಿ."

ಸರ್ ನಿರಾಳವಾಗಿ ಕೈಗವಸು ಕಳಚಿದರು.

"ಎರಡಕ್ಕೂ ಫರಕ ಇಲ್ಲಂದ್ರ, ಪುಡಿಯಿಂದ ಏನೂ ತೊಂದರಿ ಇಲ್ಲ ಅಂತ ಆತಲ್ಲವ್ವ. ಹಂಗಽ ಬರಿ."