ದೇವೇಂದ್ರಪ್ಪನವರ ಗೌರವಾರ್ಥ

ಈ ತಿಂಗಳಲ್ಲಿ ಮೂವರು ವಕೀಲರು ತೀರಿಕೊಂಡಿದ್ದರು. ಮೂರು ಸಲವೂ ಸಂತಾಪದ ಹೆಸರಿನಲ್ಲಿ ಉಳಿದವರೆಲ್ಲ ಕೋರ್ಟು ಕಲಾಪ ಬಿಟ್ಟು ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ತಿಂದರು. ಗುರುಸಿದ್ದವ್ವನ ಮಗನ ಜಾಮೀನು ಅರ್ಜಿ ಪ್ರತಿ ಸಲವೂ ಮುಂದಕ್ಕೆ ಹೋಯಿತು. ಅವಳ ವಕೀಲೆ ಮಹಾದೇವಿ ಈಗೀಗ ಆ ಭಜಿ ಮುಟ್ಟುವುದನ್ನೇ ಬಿಟ್ಟಿದ್ದಳು. ಇಂದು ಮತ್ತೊಂದು ಸಾವು. ಈ ಸಲ ಹೋದವರು ಮಹಾದೇವಿಯ ಸೀನಿಯರ್ ದೇವೇಂದ್ರಪ್ಪನವರು.

"ಇವತ್ತೂ ನಡೆಯೂದಿಲ್ಲೇನ್ರಿ, ಮೇಡಂ?" ಗುರುಸಿದ್ದವ್ವ ಕೇಳಿದಳು.

"ಇವತ್ತ ನಡೀತೈತಿ, ಯವ್ವಾ. 'ನಾ ಸತ್ತ ದಿನ ಒಂದ್ ಕೇಸೂ ನಿಲ್ಲಬಾರದು' ಅಂತ ನಮ್ಮ ಸರ್ ತಾವಾಗೇ ಬರದ್ ಕೊಟ್ಟಾರ."

ಸಂತಾಪ ಸಭೆಯಲ್ಲಿ ಮಹಾದೇವಿ ಆ ಪತ್ರವನ್ನು ವಕೀಲರ ಸಂಘದ ಅಧ್ಯಕ್ಷರ ಕೈಗಿತ್ತಳು. ಅವರು ಗಟ್ಟಿಯಾಗಿ ಓದಿದರು. ಸಭೆಯಲ್ಲಿ ನಾಲ್ಕೈದು ಕರವಸ್ತ್ರಗಳು ಹೊರಬಂದವು. ಬಾಗಿಲ ಬಳಿ ನಿಂತಿದ್ದ ಗುರುಸಿದ್ದವ್ವನೂ ಸತ್ತವರ ಫೋಟೋಗೆ ಕೈಮುಗಿದಳು.

ಅಧ್ಯಕ್ಷರು ಕಣ್ಣೊರೆಸಿಕೊಂಡು ಹೇಳಿದರು: "ಇಂಥಾ ದೊಡ್ಡ ಮನುಷ್ಯಾರು ಮತ್ತ ಹುಟ್ಟಂಗಿಲ್ಲ. ಇವರ ಗೌರವಕ್ಕ ಒಂದ್ ದಿನ ಸಾಲೂದಿಲ್ಲ. ನಾಳೆನೂ ಯಾರೂ ಕೋರ್ಟಿಗೆ ಹೋಗೂದು ಬ್ಯಾಡ."