ಒಂದೇ ಹೆಸರಿನ ಇಬ್ಬರು

"ಬಾಡಿಗೆ ಅಂದ್ರೆ ಹೀಗಾ ಕಳಿಸೋದು?" ಫೋನಿನಲ್ಲಿ ಓನರಮ್ಮನ ದನಿ ಸಿಟ್ಟಿಗೆ ನಡುಗುತ್ತಿತ್ತು. "ನಾನೇನು ನಿಮ್ಮ ಬಾಗಿಲಲ್ಲಿ ಕೈಚಾಚಿ ನಿಂತಿದ್ನಾ? ಶನಿವಾರದೊಳಗೆ ಅಂಗಡಿ ಖಾಲಿ ಮಾಡಿ."

ಕನ್ನಡಕದ ಅಂಗಡಿಯವನು ಒಂದು ಕಣ್ಣು ಮುಚ್ಚಿಕೊಂಡು ಅಕ್ಷರ ಓದುತ್ತಿದ್ದ ಗಿರಾಕಿಯನ್ನು ಹಾಗೆಯೇ ಬಿಟ್ಟು ಒಳಕೋಣೆಗೆ ನುಗ್ಗಿದ. ಬ್ಯಾಂಕಿನ ಆ್ಯಪ್ ತೆರೆದ. ಇಲ್ಲಿಯವರೆಗೆ ಚೆಕ್ಕಿನಲ್ಲಿ ಕೊಡುತ್ತಿದ್ದ ಇಡೀ ವರ್ಷದ ಬಾಡಿಗೆ ಮುಂಗಡ ಈ ಸಲ ಆ್ಯಪಿನಿಂದ ಮೊನ್ನೆಯೇ ಹೋಗಿತ್ತು. ಅದರ ಹಿಂದೆಯೇ ಅಕ್ಕನಿಗೆ ತಿಂಗಳು ತಿಂಗಳು ಕಳಿಸುವ ಚಿಲ್ಲರೆಯೂ ಹೋಗಿತ್ತು. ಎರಡಕ್ಕೂ ಹಸಿರು ಗುರುತು.

ಖಾತೆ ಸಂಖ್ಯೆಗಳನ್ನು ನೋಡಿದ. ಅದಲು ಬದಲು. ಬಾಡಿಗೆ ಅಕ್ಕನಿಗೆ, ಚಿಲ್ಲರೆ ಓನರಮ್ಮನಿಗೆ. ಅಷ್ಟು ಕಮ್ಮಿ ಬಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಎಂಥ ಜಾಣ! ಅಕ್ಕನ ಹೆಸರು, ಓನರಮ್ಮನ ಹೆಸರು ಎರಡೂ ಒಂದೇ, ಇನಿಷಿಯಲ್ ಸಮೇತ. ಕಳೆದ ವಾರ ಬ್ಯಾಂಕಿನವರು ಹೊಸ ಆ್ಯಪ್ ತಂದಾಗ ಹಣ ಪಡೆಯುವವರನ್ನೆಲ್ಲ ಪಟ್ಟಿಗೆ ಮತ್ತೆ ಸೇರಿಸಬೇಕಾಗಿತ್ತು; ಓನರಮ್ಮನನ್ನೂ ಆಗಲೇ ಹೊಸದಾಗಿ ಸೇರಿಸಿದ್ದ. "ಮೊದಲು ಸ್ವಲ್ಪ ಕಳಿಸಿ, ತಲುಪ್ತಾ ಅಂತ ಕೇಳಿ, ಆಮೇಲೆ ದೊಡ್ಡದು ಕಳಿಸಿ" ಎಂದಿದ್ದಳು ಹೆಂಡತಿ.

"ಹೆಸರು ತಾಳೆ ಆಗಿದೆ ಅಂತ ಬ್ಯಾಂಕೇ ಹೇಳ್ತಿದೆ. ನಿನ್ನ ಬುದ್ಧಿ ಬೇರೆ ಬೇಕಾ?"

ತಾಳೆ ಆಗದೆ ಏನು? ಯಾರ ಸಂಖ್ಯೆ ಹೊಡೆದರೂ ಬರುವುದು ಅದೇ ಹೆಸರು.

ಜನರ ಗುರುತು ಹಿಡಿಯಲು ಅವನದೇ ಒಂದು ಪದ್ಧತಿ ಇತ್ತು. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಒಂದೊಂದು ಅಡ್ಡಹೆಸರು. ಬಡಗಿ 'ನಾಳೆ ಬಾ'. ಲೆನ್ಸ್ ತಂದುಕೊಡುವವನು 'ಆಮೆ'. ಅಂಗಡಿಯ ಲೆಕ್ಕ ಬರೆಯುವ ಭಾವಮೈದುನ 'ಬಿಟ್ಟಿ ಭೂಪ'. ವರ್ಷಗಳ ಹಿಂದೆ ಇಟ್ಟ ಆ ಹೆಸರುಗಳನ್ನೇ ಹೊಸ ಆ್ಯಪಿಗೂ ಒಂದಕ್ಷರ ಬಿಡದೆ ತುಂಬಿದ್ದ. ಎದುರಿಗೆ ಆಡಲಾಗದ್ದನ್ನು ಬೆರಳಲ್ಲಿ ಆಡುವುದರಲ್ಲಿ ಅವನಿಗೊಂದು ಸುಖ. ಬಡಗಿ ಇವನನ್ನು ಕಂಡರೆ ಕಿಸಕ್ಕನೆ ನಗುತ್ತಿದ್ದ. ಬಡಗಿಗೆ ತಲೆ ಸರಿಯಿಲ್ಲ ಎಂದು ಇವನು ಅಂದುಕೊಂಡಿದ್ದ. ಭಾವಮೈದುನ ಒಂದು ವರ್ಷದಿಂದ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟಿರಲಿಲ್ಲ. ಖರ್ಚು ಉಳಿಯಿತು ಎಂದುಕೊಂಡಿದ್ದ.

ಈಗ ಅಕ್ಕ. ಅಪ್ಪನ ಮನೆ ಮಾರಿದ ಹಣ, ಅವಳ ಪಾಲೂ ಸೇರಿ, ಈ ಅಂಗಡಿಗೇ ಬಿದ್ದಿತ್ತು. "ಆದಾಗ ಕೊಡು" ಎಂದಿದ್ದಳು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಈ ಆಸಾಮಿ ಅಂದಿನಿಂದ ತಿಂಗಳಿಗಿಷ್ಟು ಎಂದು ಉದುರಿಸುತ್ತಾ ಬಂದಿದ್ದ. ಅದನ್ನೂ ಉಪಕಾರ ಎಂದೇ ನಂಬಿದ್ದ. ಮೊನ್ನೆಯಿಂದ ಅವಳು ಮತ್ತೆ ಮತ್ತೆ ಫೋನ್ ಮಾಡಿದ್ದಳು. ಹೆಚ್ಚಿಗೆ ಕೇಳೋಕೆ ಇರಬೇಕು ಎಂದು ಎತ್ತಿರಲಿಲ್ಲ. ಈಗ ಇವನು ಮಾಡಿದರೆ ಅವಳು ಎತ್ತುತ್ತಿಲ್ಲ.

"ನುಂಗಿ ನೀರು ಕುಡಿದಳು" ಎಂದು ಹಲ್ಲು ಕಡಿಯುತ್ತ ಸ್ಕೂಟರ್ ಹತ್ತಿದ.

ಅಕ್ಕ ಈಜು ಕಲಿಸುವವಳು. ಕೊಳದ ಅಂಚಿನಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು, ನೀರಿಗಿಳಿಯಲು ಹೆದರುತ್ತಿದ್ದ ಒಬ್ಬ ದಢೂತಿ ಹೆಂಗಸಿಗೆ ಧೈರ್ಯ ಹೇಳುತ್ತಿದ್ದಳು. ಶೂ ಹಾಕಿಕೊಂಡೇ ಒಳಗೆ ಬಂದ ತಮ್ಮ ಒದ್ದೆ ನೆಲದಲ್ಲಿ ಜಾರಿ, ಕಂಬ ಹಿಡಿದು ನಿಂತ.

"ದುಡ್ಡೆಲ್ಲಿ?" ಎಂದ. "ಈಗಲೇ ವಾಪಸ್ ಮಾಡು. ಇಲ್ಲಾಂದ್ರೆ ಪೊಲೀಸ್ ಹತ್ರ ಹೋಗ್ತೀನಿ. ಅಕ್ಕ ಅಂತ ನೋಡಲ್ಲ."

"ಅದು ಗೊತ್ತು." ಅಕ್ಕ ಟವಲಿನಿಂದ ಕೈ ಒರೆಸಿಕೊಂಡಳು. "ಫೋನ್ ಎತ್ತಿದ್ರೆ ಅವತ್ತೇ ಹೇಳ್ತಿದ್ದೆ. ಕಾದು ಕಾದು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ವಾಪಸ್ ಹಾಕಿಸಿದೆ. ನೋಡ್ಕೋ."

ನೋಡಿದ. ಬಂದಿತ್ತು. ಪೂರ್ತಿ.

ಉಸಿರು ಬಿಟ್ಟ, ಥ್ಯಾಂಕ್ಸ್ ಹೇಳಲಿಲ್ಲ. ಅಲ್ಲೇ ಕಂಬಕ್ಕೊರಗಿ ಎರಡು ಖಾತೆ ಸಂಖ್ಯೆಗಳನ್ನು ಸರಿಪಡಿಸಿ, ಅಂಕಿ ಅಂಕಿಯಾಗಿ ಓದಿ, ಓನರಮ್ಮನಿಗೆ ಇಡೀ ಮೊತ್ತ ಕಳಿಸಿಬಿಟ್ಟ. ಹಸಿರು ಗುರುತು ಬಂತು. ಎದೆ ಹಗುರವಾಯಿತು. ಇನ್ನು ಓನರಮ್ಮ ತಣ್ಣಗಾದಂತೆಯೇ. ದುಡ್ಡು ಕಂಡರೆ ಹೆಣವೂ ಬಾಯಿ ಬಿಡುವಾಗ ಅವಳ್ಯಾವ ಲೆಕ್ಕ?

ಆದರೆ ಒಂದು ಅನುಮಾನ ಕೊರೆಯುತ್ತಲೇ ಇತ್ತು. ಅಷ್ಟು ಸುಲಭವಾಗಿ ದುಡ್ಡು ಬಿಟ್ಟುಕೊಡುವವರನ್ನು ಅವನು ನಂಬುವವನಲ್ಲ.

"ಕಳಿಸಿದವನು ನಾನು. ನಿನಗೆ ಕೊಡೋದೂ ಇದೆ. ನಿನ್ನ ಪಾಲೇ ಬಂತು ಅಂತ ಇಟ್ಕೋಬಹುದಿತ್ತಲ್ಲ?"

"ಮೊದಲು ಹಾಗೇ ಅಂದ್ಕೊಂಡೆ ಕಣೋ." ಅಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಸಹಿಸಲಾಗಲಿಲ್ಲ. "ತಮ್ಮನಿಗೆ ಕೊನೆಗೂ ಒಳ್ಳೇ ಬುದ್ಧಿ ಬಂತು ಅಂತ ಅತ್ತೂಬಿಟ್ಟೆ. ಆಮೇಲೆ ಬ್ಯಾಂಕಿನ ಮೆಸೇಜು ಸರಿಯಾಗಿ ಓದಿದೆ. ಇದು ನನ್ನದಲ್ಲ, ನಿನ್ನ ಅಂಗಡಿ ಓನರಮ್ಮಂದು ಅಂತ ಗೊತ್ತಾಯ್ತು."

"ಹೇಗೆ ಗೊತ್ತಾಗುತ್ತೆ? ಇಬ್ಬರ ಹೆಸರೂ ಒಂದೇ!"

"ಇದರಲ್ಲಿ 'ಓನರ್ ಜಿಗಣೆ' ಅಂತ ಬಂದಿತ್ತಲ್ಲೋ," ಎಂದಳು ಅಕ್ಕ. "ನನಗೆ ನೀನು ಕಳಿಸೋದು ಯಾವಾಗಲೂ 'ಭಿಕ್ಷೆ' ಅಂತಲ್ವಾ ಬರೋದು?"