ಹೆಸರಿಲ್ಲದ ಜೋಡಿ

"ಯಾವ ಹೆಸರಾದ್ರೂ ಸರಿ ಅಕ್ಕಾ, ನಿನ್ನಿಷ್ಟ," ಎನ್ನುತ್ತ ತಮ್ಮನು ಮಕ್ಕಳ ಹೊಸ ಶೂಗಳ ಮಾದರಿ ಜೋಡಿಯನ್ನು ಮೇಜಿನ ಮೇಲಿಟ್ಟಾಗಲೇ ಅಕ್ಕನಿಗೆ ಅನುಮಾನ ಬಂತು. ಅಂಗಡಿಯ ಬೋರ್ಡಿನ ಬಣ್ಣಕ್ಕೂ ವಾರಗಟ್ಟಲೆ ಜಗಳವಾಡಿದವನು ಇವನು.

"ಪುಟ್ಟಹೆಜ್ಜೆ?"

"ಚೆನ್ನಾಗಿದೆ. ಬೇಗ ಹೇಳಿಬಿಡು, ಡಬ್ಬಿ ಪ್ರಿಂಟ್ ಮಾಡೋನು ಕಾಯ್ತಿದ್ದಾನೆ."

"ಕತ್ತೆಬಾಲ?"

"ಅದೂ ಚೆನ್ನಾಗಿದೆ. ಮಕ್ಕಳಿಗೆ ಹಿಡಿಸುತ್ತೆ."

ಗೋಡೆಯಾಚೆ ಅವಳ ಹೊಲಿಗೆ ಕೋಣೆಯ ಯಂತ್ರಗಳು ಸದ್ದು ಮಾಡುತ್ತಿದ್ದವು. ಹೊರಗಿನಿಂದ ಸಿದ್ಧ ಮಾಲು ತಂದು ನಮ್ಮ ಹೆಸರು ಹಚ್ಚಿದರೆ ಸಾಕು, ಆ ಕೋಣೆಯನ್ನೇ ಮುಚ್ಚಬಹುದು ಎಂದು ತಮ್ಮ ಹಿಂದೊಮ್ಮೆ ಹೇಳಿದ್ದ. ಅಲ್ಲಿನ ಹೆಂಗಸರನ್ನು ಬೀದಿಗೆ ತಳ್ಳಲು ಅವಳು ಒಪ್ಪಿರಲಿಲ್ಲ.

"ಇದನ್ನ ಯಾರು ಹೊಲಿದದ್ದು?"

"ನಮ್ಮವರೇ. ನೀನು ರಜೆಯಲ್ಲಿದ್ದಾಗ."

ಅಕ್ಕ ಶೂ ಒಳಗೆ ಬೆರಳು ತೂರಿಸಿ ಹಿಮ್ಮಡಿಯ ಹೊಲಿಗೆಯನ್ನು ಮೆಲ್ಲನೆ ಸವರಿದಳು. ದಾರದ ಗಂಟು ಚುಚ್ಚಿತು. ಎಳೆಯ ಪಾದಕ್ಕೆ ಒತ್ತಬಾರದೆಂದು ಅವಳ ಕೋಣೆಯಲ್ಲಿ ಗಂಟನ್ನು ಯಾವಾಗಲೂ ಹೊರಮೈಗೇ ಹಾಕುತ್ತಾರೆ.

ಅವಳು ಶೂವನ್ನು ತಮ್ಮನ ಕಡೆಗೆ ಸರಿಸಿದಳು.

"ಹೆಸರು ಆಮೇಲಿಡೋಣ. ಮೊದಲು ಇದು ಯಾರ ಮನೆ ಮಗು, ಅದನ್ನ ಹೇಳು."